ಅಕ್ಕೋರು ಬರೆಯುತ್ತಿದ್ದ ಅರ್ಜಿಗಳು

ಶಿರಸಿಯ ಹಳೇ ಬಸ್ ಸ್ಟ್ಯಾಂಡಿನ ಮೇಲಿನ ಓಣಿಯಲ್ಲಿ ಒಂದು ಝೆರಾಕ್ಸ್ ಅಂಗಡಿ ಇತ್ತು. ಅಲ್ಲಿಗೆ ಹೋದವನು ಎರಡೇ ನಿಮಿಷದಲ್ಲಿ ಕೆಲಸ ಮುಗಿಸಿಕೊಂಡು ಹೊರಬಿದ್ದರೆ ಆ ದಿನ ಅಕ್ಕೋರು ಅಂಗಡಿಯಲ್ಲಿಲ್ಲ ಎಂದೇ ತಿಳಿಯಬೇಕು. ಅವರಿದ್ದರೆ ಮುಗಿಯಿತು. ರೇಷನ್ ಕಾರ್ಡಿನ ನಕಲು ತೆಗೆಯುತ್ತ ತೆಗೆಯುತ್ತ, "ನಿಮ್ಮನೇಲಿ ಏಳು ಜನ ಇದ್ರಲ್ಲ, ಬೆಳಿಗ್ಗೆ ಯಾರು ಮೊದಲು ಏಳೂದು?" ಎಂದು ಕೇಳಿಬಿಡುವರು. ಹುಲ್ಲು ಕತ್ತರಿಸುವ ಯಂತ್ರದ ಬಿಲ್ಲು ಕಂಡರೆ ಅದರ ಬ್ಲೇಡನ್ನು ಎಷ್ಟು ದಿನಕ್ಕೊಮ್ಮೆ ಮಸೆಯಬೇಕು ಎಂದು ಗೊತ್ತಾಗಬೇಕು. ಹಿಂದೆ ನಿಂತವರು ಗೊಣಗಿದರೆ ಅವರ ಕಡೆ ತಿರುಗಿ ಅವರನ್ನೂ ಕೇಳುವರು. ಊರ ಸುದ್ದಿ ಹಂಚುವ ಚಟ ಅಂತೂ ಅಲ್ಲ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರ ಮುಂದೆ ಆಡಿದ್ದನ್ನು ನಾನು ಕೇಳಿಲ್ಲ. ತಿಳಿದುಕೊಳ್ಳಬೇಕು, ಅಷ್ಟೇ.

ಒಂದು ಕಾಲದಲ್ಲಿ ಅದೇ ಜಾಗದಲ್ಲಿ ಅವರು ಟೈಪಿಂಗ್ ಕಲಿಸುತ್ತಿದ್ದರು. ನಮ್ಮ ಕಡೆ ಕಲಿಸುವ ಹೆಂಗಸರೆಲ್ಲ ಅಕ್ಕೋರೇ, ಹಾಗಾಗಿ ಅವರೂ ಅಕ್ಕೋರಾದರು. ಅಸಲಿ ಹೆಸರನ್ನು ಬ್ಯಾಂಕಿನವರು ಬಿಟ್ಟರೆ ಯಾರೂ ಬಳಸಿದಂತಿಲ್ಲ. ಟೈಪ್ ಯಂತ್ರಗಳು ಗುಜರಿಗೆ ಹೋದವು, ಕಂಪ್ಯೂಟರ್ ಬಂತು, ಅದರ ಬೆನ್ನಿಗೆ ಪರದೇಶದ ಕೆಲಸಕ್ಕೆ ಅರ್ಜಿ ಹಾಕುವವರು ಬಂದರು. ಜರ್ಮನಿಗೆ ಹೊರಟ ಯಲ್ಲಾಪುರದ ನರ್ಸುಗಳು, ಲಂಡನ್ನಿನ ಹೋಟೆಲಿಗೆ ಹೊರಟ ಮಂಚಿಕೇರಿಯ ಅಡುಗೆಯವರು, ಮಸ್ಕತ್ತಿನ ಡ್ರೈವರುಗಳು. ವೀಸಾ ಆಗಲಿ ಎಂದು ಚಂದಗುಳಿಯ ಗಣಪತಿಗೆ ಗಂಟೆ ಕಟ್ಟುವ ಹರಕೆ ಹೊತ್ತು ಬಂದವರಿಗೆ, "ಅಲ್ಲೂ ಅರ್ಜಿ ಹಾಕಿಕ್ಕೆ ಬಂದ್ಯ? ಅಡ್ಡಿಲ್ಲೆ, ಅವ ನನ್ನಷ್ಟು ಪ್ರಶ್ನೆ ಕೇಳ್ತ್ನಿಲ್ಲೆ" ಎಂದು ನಗುವರು. ಇಷ್ಟೆಲ್ಲ ದೇಶಗಳ ಬಾಗಿಲು ಬಡಿದ ಅವರು ಸ್ವತಃ ಪುಣೆಯ ಆಚೆಗೆ ಹೋದವರಲ್ಲ. ಮದುವೆ ಮಾಡಿಕೊಂಡಿರಲಿಲ್ಲ, ತಂಗಿಯ ಜೊತೆ ಇರುತ್ತಿದ್ದರು. ಹೋದ ವರ್ಷ ತೀರಿಕೊಂಡರು.

ಅವರ ಕೆಲಸದ ಕಷ್ಟ ಹೊರಗಿನವರಿಗೆ ತಿಳಿಯುವುದಿಲ್ಲ. ನಮ್ಮ ಸೀಮೆಯವರಿಗೆ ತಮ್ಮ ಬಗ್ಗೆ ತಾವು ಹೇಳಿಕೊಳ್ಳಲು ಬಾರದು. ಮದುವೆ ಮನೆಯಲ್ಲಿ ಎಲೆಯ ತುಂಬ ಬಡಿಸಿಕೊಂಡು, ಮೂರು ಸಲ ಪಾಯಸ ಹಾಕಿಸಿಕೊಂಡು, ಹೇಗಾಗಿದೆ ಎಂದು ಕೇಳಿದರೆ "ಅಡ್ಡಿಲ್ಲೆ" ಎನ್ನುವ ಜನ ನಾವು. ಅದರ ಮೇಲಿನ ಹೊಗಳಿಕೆ ನಮ್ಮಲ್ಲಿಲ್ಲ. ಹೊಗಳಿದರೆ ದೃಷ್ಟಿ ತಾಗುತ್ತದೆ, ಹೊಗಳಿಸಿಕೊಂಡವನ ತಲೆ ತಿರುಗುತ್ತದೆ, ತನ್ನನ್ನು ತಾನೇ ಹೊಗಳಿಕೊಳ್ಳುವವನನ್ನಂತೂ ಮನೆಯೊಳಗೆ ಬಿಟ್ಟುಕೊಳ್ಳಬಾರದು ಎಂದು ಕಲಿತು ಬೆಳೆದವರು. ಪರದೇಶದ ಅರ್ಜಿಯಲ್ಲೋ, ನಿನ್ನ ಹೆಚ್ಚುಗಾರಿಕೆ ಏನು ಎಂದೇ ಶುರು.

ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ಹತ್ತು ವರ್ಷ ಆಸ್ಪತ್ರೆಯಲ್ಲಿ ದುಡಿದ ನರ್ಸಮ್ಮ ಒಬ್ಬಳು ಬಂದು ಬೆಂಚಿನ ಮೇಲೆ ಕೂತಳು. ಏನು ಕೆಲಸ ಮಾಡುತ್ತೀ ಎಂದರೆ, "ಎಂತ ಇಲ್ಲ ಅಕ್ಕೋರೆ, ಡಾಕ್ಟ್ರು ಹೇಳಿದ್ದು ಮಾಡೂದು" ಅಂದಳು.

"ಡಾಕ್ಟ್ರು ಬರದೇ ಇದ್ದ ದಿನ?"

"ಒಂದ್ಸಲ ಬಂದಿರ್ಲಿಲ್ಲ. ಆವತ್ತೊಂದು ಹೆರಿಗೆ ಆಯ್ತು."

"ಆಯ್ತು ಅಂದ್ರೆ? ಮಗು ತಾನೇ ನಡ್ಕಂಡು ಹೊರಗೆ ಬಂತಾ?"

ನರ್ಸಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಮಗುವಿನ ಕೊರಳಿಗೆ ಹೊಕ್ಕುಳ ಬಳ್ಳಿ ಸುತ್ತಿಕೊಂಡಿತ್ತಂತೆ, ಇವಳು ಬೆರಳು ತೂರಿಸಿ ಬಿಡಿಸಿದಳಂತೆ, ತಾಯಿ ಮಗು ಇಬ್ಬರೂ ಉಳಿದರಂತೆ. ಅದನ್ನು ಹೇಳಿಸಲು ಅಕ್ಕೋರಿಗೆ ಒಂದೂವರೆ ತಾಸು ಹಿಡಿಯಿತು. ಆಮೇಲೂ ಬರೆಯಲಿಲ್ಲ, ಮಾರನೇ ದಿನ ಆ ಡಾಕ್ಟರಿಗೆ ಫೋನ್ ಮಾಡಿ ಕೇಳಿಯೇ ಬರೆದರು. ಮಂಚಿಕೇರಿಯ ಅಡುಗೆಯವನ ಅರ್ಜಿ ಬರೆಯುವ ಮೊದಲು ಅವನು ಅಡುಗೆ ಒಪ್ಪಿಕೊಂಡಿದ್ದ ಮದುವೆಗೆ ಹೋಗಿ ಅರ್ಧ ದಿನ ಒಲೆಯ ಪಕ್ಕ ನಿಂತಿದ್ದರು. ಕಾಣದ್ದನ್ನು, ವಿಚಾರಿಸದ್ದನ್ನು ಅವರು ಬರೆಯುತ್ತಿರಲಿಲ್ಲ. ಅದೊಂದು ಹಟ.

ಆ ಹಟಕ್ಕೆ ನಾನು ಸಿಕ್ಕಿಬಿದ್ದದ್ದು ಹೀಗೆ. ನಾನು ಸಿದ್ದಾಪುರದ ಕಡೆಯವನು, ಜೇನು ಸಾಕುವವನು. ಹದಿನಾರು ವರ್ಷ ಬೇರೆಯವರ ತೋಟದ ಅಂಚಿನಲ್ಲಿ, ಬೆಟ್ಟದ ಬದಿಯಲ್ಲಿ ಪೆಟ್ಟಿಗೆ ಇಟ್ಟು ನಮ್ಮ ನಾಡಿನ ತುಡುವೆ ಜೇನು ಸಾಕಿದೆ. ಒಂದು ವರ್ಷ ರೋಗ ಬಂತು. ಮರಿಹುಳುಗಳು ಎರಿಯಲ್ಲೇ ಸತ್ತು ಕೊಳೆತವು, ಅರವತ್ತು ಪೆಟ್ಟಿಗೆಯ ಜೇನು ಕುಟುಂಬಗಳಲ್ಲಿ ಹನ್ನೊಂದು ಉಳಿದವು. ಹುಬ್ಬಳ್ಳಿಯಲ್ಲಿ ಟೈರ್ ಅಂಗಡಿ ಇಟ್ಟಿರುವ ಅಣ್ಣ, "ದೀಪಾವಳಿವರೆಗೆ ನೋಡು, ಆಮೇಲೆ ಸುಮ್ನೆ ಬಂದು ಅಂಗಡೀಲಿ ಕೂತ್ಕ" ಎಂದು ಹೇಳಿಯಾಗಿತ್ತು. ಅವನದೇನೂ ತಪ್ಪಲ್ಲ. ಆದರೆ ಜೇನು ಬಿಟ್ಟರೆ ನನಗೆ ಬೇರೇನೂ ಬರುವುದಿಲ್ಲ, ಬೇರೇನೂ ಬೇಕಾಗಿಯೂ ಇರಲಿಲ್ಲ. ಅಂಥ ಹೊತ್ತಿನಲ್ಲಿ ನ್ಯೂಜಿಲ್ಯಾಂಡಿನ ಒಂದು ಜೇನು ಫಾರಮ್ಮಿಗೆ ಕೆಲಸದವರು ಬೇಕು ಎಂಬ ಜಾಹೀರಾತು ಫೋನಿನಲ್ಲಿ ಕಂಡಿತು. ಇದೊಂದು ಆದರೆ ಜೇನಿನವನಾಗಿ ಉಳಿಯುತ್ತೇನೆ, ಇಲ್ಲದಿದ್ದರೆ ರಬ್ಬರಿನ ವಾಸನೆಯಲ್ಲಿ ಸಾಯುತ್ತೇನೆ ಎಂದುಕೊಂಡು ಶಿರಸಿಯ ಬಸ್ಸು ಹತ್ತಿದೆ.

ಅಕ್ಕೋರು ಅರ್ಜಿಯನ್ನು ಪಕ್ಕಕ್ಕಿಟ್ಟು ಕೇಳತೊಡಗಿದರು. ರಾಣಿ ಸತ್ತರೆ ಉಳಿದವಕ್ಕೆ ಹೇಗೆ ತಿಳಿಯುತ್ತದೆ? ಗಂಡು ನೊಣಕ್ಕೆ ಕೆಲಸವೇನು? ಹೂವಿಲ್ಲದ ತಿಂಗಳು ಅವು ಹಸಿದುಕೊಂಡಿರುತ್ತವೆಯಾ? ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡು ಹುಟ್ಟಿದವನು ನಾನು. ಒಂದು ತಾಸಾಗುವಷ್ಟರಲ್ಲಿ ತಡೆಯಲಾಗದೆ, "ಅಕ್ಕೋರೆ, ಇದೆಲ್ಲ ಅರ್ಜೀಲಿ ಕೇಳಿದಾರಾ?" ಅಂದೆ.

"ಇಲ್ಲೆ," ಅಂದರು. "ಎಂಗೆ ಬೇಕು." ತಿಳಿಯಬೇಕಾದದ್ದು ಅರ್ಜಿಗಲ್ಲ, ಅವರಿಗೆ.

ಮರು ಭಾನುವಾರ ಸಿದ್ದಾಪುರಕ್ಕೆ ಬಂದಿಳಿದರು. ಅರವತ್ತು ದಾಟಿದ ಹೆಂಗಸು, ನನ್ನ ಬೈಕಿನ ಹಿಂದೆ ಒಂದು ಬದಿಗೆ ಕಾಲು ಇಳಿಬಿಟ್ಟು ಕೂತು, ದಾರಿಯುದ್ದಕ್ಕೂ ಆ ಮನೆ ಯಾರದ್ದು, ಈ ಕೆರೆ ಯಾಕೆ ಬತ್ತಿದೆ ಎನ್ನುತ್ತ ಬಂದರು. ಮೊದಲನೇ ಪೆಟ್ಟಿಗೆ ತೆಗೆಯುವಾಗಲೇ ಕೆನ್ನೆಗೆ ಒಂದು ನೊಣ ಕಚ್ಚಿತು. ನಾನು ಗಾಬರಿಯಾಗಿ ಮುಳ್ಳು ಕೀಳಲು ಹೋದರೆ, "ಕಚ್ಚಿದ್ದು ಈಗ ಸಾಯ್ತಾ?" ಎಂದು ಕೇಳಿದರು. ಸಾಯುತ್ತದೆ ಎಂದೆ. "ಛೆ, ಎನ್ನ ಒಂದು ಕೆನ್ನೆಗೆ ಇಡೀ ಜೀವ ಕೊಡ್ತಲ ಪಾಪ" ಎಂದು ಊದಿಕೊಳ್ಳುತ್ತಿದ್ದ ಕೆನ್ನೆಯ ಮೇಲೆ ಕೈ ಇಟ್ಟುಕೊಂಡು ನಿಂತರು.

ಹನ್ನೊಂದು ಪೆಟ್ಟಿಗೆಯೂ ಆಗುವವರೆಗೆ ನೋಡುತ್ತಿದ್ದು ಕೊನೆಗೆ ಕೇಳಿದರು: "ಮುಚ್ಚಳ ತೆಗೆಯೋಕಿಂತ ಮುಂಚೆ ಪ್ರತಿ ಸಲ ಪೆಟ್ಟಿಗೆಗೆ ಕಿವಿ ಇಡ್ತ್ಯಲ, ಎಂತಕ್ಕೆ?"

"ನಾನು? ಕಿವಿ ಇಡ್ತ್ನಾ?"

ನಿಜ ಹೇಳುತ್ತೇನೆ, ಹದಿನಾರು ವರ್ಷದಲ್ಲಿ ಅದು ನನಗೇ ಗೊತ್ತಿರಲಿಲ್ಲ. ಆಮೇಲೆ ಯೋಚಿಸಿ ಹೇಳಿದೆ. ರಾಣಿ ಇದ್ದ ಕುಟುಂಬದ ಗುಂಯ್ಗುಡುವಿಕೆ ಒಂದೇ ಸಮ ಇರುತ್ತದೆ. ರಾಣಿ ಸತ್ತಿದ್ದರೆ ಒಳಗೆ ನರಳಿದಂಥ ಸದ್ದು. ಅದನ್ನು ಕೇಳಿಕೊಂಡು ಮುಚ್ಚಳ ತೆಗೆಯುವುದೋ ಬೇಡವೋ ಎಂದು ಕೈ ತಾನೇ ತೀರ್ಮಾನಿಸುತ್ತದೆ. ಅಕ್ಕೋರು ತಮ್ಮ ಕಿವಿಯನ್ನೂ ಒಂದೊಂದೇ ಪೆಟ್ಟಿಗೆಗೆ ಇಟ್ಟು ನೋಡಿದರು. ಬಸ್ಸು ತಪ್ಪಿತು.

ಇಷ್ಟಾದ ಮೇಲೆ ಅರ್ಜಿಯ ಒಂದು ಸಾಲಿಗೆ ನಮ್ಮಿಬ್ಬರಿಗೂ ಜಗಳವಾಯಿತು. ಅಲ್ಲಿಯವರು ಸಾಕುವುದು ಮೆಲ್ಲಿಫೆರಾ ಎಂಬ ದೊಡ್ಡ ಜಾತಿಯ ಜೇನು. ಅದರಲ್ಲಿ ಎಷ್ಟು ವರ್ಷದ ಅನುಭವ ಎಂದು ಕೇಳಿದ್ದರು. ನಾನು ಅದನ್ನು ಮುಟ್ಟಿದವನೇ ಅಲ್ಲ. "ಮೂರು ವರ್ಷ ಅಂತ ಬರೀರಿ, ಜೇನು ಜೇನೇ ಅಲ್ವಾ?" ಅಂದೆ.

"ನೀ ಸಾಕಿದ್ದಿಲ್ಲೆ, ಆನು ಕಂಡಿದ್ದಿಲ್ಲೆ. ಹೆಂಗೆ ಬರೆಯವು?"

"ಎಲ್ಲಾರೂ ಬರೆಸ್ತಾರೆ ಅಕ್ಕೋರೆ! ನಾನೊಬ್ಬ ಸತ್ಯಹರಿಶ್ಚಂದ್ರ ಆಗಿ ಟೈರು ಉರುಳಿಸ್ಲಾ?"

ಅವರು ಆ ಜಾಗವನ್ನು ಖಾಲಿ ಬಿಟ್ಟು ಮುಂದಿನ ಸಾಲಿಗೆ ಹೋದರು. ನಾನು ಕಾಗದಗಳನ್ನೆಲ್ಲ ಬಾಚಿಕೊಂಡು ಎದ್ದೆ. ಹೊರಡುವಾಗ ಬಾಯಿಗೆ ಬಂದದ್ದು ಅಂದೆ: ನಿಮಗೆ ಬೇಕಾದ್ದು ಕಥೆ, ನನ್ನ ಬದುಕಲ್ಲ. ಈಗಲೂ ಆ ಮಾತು ನೆನಪಾದರೆ ನಾಚಿಕೆಯಾಗುತ್ತದೆ.

ಹುಬ್ಬಳ್ಳಿಯ ಒಬ್ಬ ಏಜೆಂಟ್ ಹತ್ತು ನಿಮಿಷದಲ್ಲಿ ಅರ್ಜಿ ತಯಾರು ಮಾಡಿಕೊಟ್ಟ. ಒಂದು ಪ್ರಶ್ನೆ ಕೇಳಲಿಲ್ಲ. ಅದರಲ್ಲಿ ನನಗೆ ಮೆಲ್ಲಿಫೆರಾದಲ್ಲಿ ಐದು ವರ್ಷದ ಅನುಭವ, ಎಲ್ಲಿಯೂ ಇಲ್ಲದ ಒಂದು ದೊಡ್ಡ ಫಾರಮ್ಮಿಗೆ ನಾನು ಮ್ಯಾನೇಜರು. ಬಸ್ಸಿನಲ್ಲಿ ಕೂತು ನಾಲ್ಕು ಸಲ ಓದಿದೆ. ಅದರಲ್ಲಿದ್ದ ಗಂಡಸಿನ ಪರಿಚಯ ನನಗಿರಲಿಲ್ಲ. ಅಲ್ಲಿ ಇಳಿದ ದಿನವೇ ಪೆಟ್ಟಿಗೆ ತೆಗೆ ಎಂದರೆ ಇವನು ಏನು ಮಾಡುತ್ತಾನೆ ಎಂದು ಹೆದರಿಕೆಯಾಯಿತು. ಮೂರು ದಿನ ಅದನ್ನು ಕಳಿಸುವುದೋ ಬೇಡವೋ ಎಂದು ಒದ್ದಾಡಿದೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ ಎನ್ನುತ್ತಾರೆ. ನನ್ನದು ಹೇಗೋ ಅರ್ಧಕ್ಕೆ ನಿಂತಿತ್ತು. ಜಗಳವಾದ ಎಂಟನೇ ದಿನ ಮತ್ತೆ ಶಿರಸಿಗೆ ಹೋಗಿ ಅಂಗಡಿಯ ಮುಂದೆ ನಿಂತೆ.

"ಬಂದ್ಯ? ಕುತ್ಗ," ಅಂದರು. ಯಾಕೆ ಹೋದೆ, ಯಾಕೆ ಬಂದೆ, ಒಂದೂ ಇಲ್ಲ. ಇಡೀ ಊರಿನ ತಲೆ ತಿನ್ನುವ ಹೆಂಗಸು ಆ ಒಂದನ್ನು ಮಾತ್ರ ಕೇಳಲಿಲ್ಲ. ಬದಲಿಗೆ ಒಂದು ಚೀಟಿ ಕೊಟ್ಟರು. ಈ ಎಂಟು ದಿನದಲ್ಲಿ ಅವರು ಯಾರು ಯಾರಿಗೋ ಫೋನ್ ಮಾಡಿ, ಹಾವೇರಿಯ ಕಡೆ ಸೂರ್ಯಕಾಂತಿ ಹೊಲಗಳಲ್ಲಿ ಮೆಲ್ಲಿಫೆರಾ ಪೆಟ್ಟಿಗೆ ಇಡುವ ಒಬ್ಬರನ್ನು ಹುಡುಕಿದ್ದರು. ಅಲ್ಲಿಂದಲೇ ಫೋನ್ ಹಚ್ಚಿಕೊಟ್ಟರು. "ಬರ್ರಿ, ಬರ್ರಿ, ಎಷ್ಟ್ ದಿನಾ ಬೇಕಾದ್ರೂ ಇರ್ರಿ, ಊಟಾ ನಮ್ಮನ್ಯಾಗ," ಎಂದಿತು ಆ ಕಡೆಯ ದನಿ. ಹೋದೆ. ಇಪ್ಪತ್ತೆರಡು ದಿನ ಅವರ ಜೊತೆ ಹೊಲದಲ್ಲೇ ಇದ್ದು ಆ ದೊಡ್ಡ ಜೇನಿನ ಕೈಯಲ್ಲಿ ಬೇಕಾದಷ್ಟು ಕಚ್ಚಿಸಿಕೊಂಡೆ. ವಾಪಸ್ ಬಂದ ಮೇಲೆ ಅಕ್ಕೋರು ಆ ಖಾಲಿ ಜಾಗ ತುಂಬಿದರು: ಮೆಲ್ಲಿಫೆರಾ ಇಪ್ಪತ್ತೆರಡು ದಿನ, ತುಡುವೆ ಹದಿನಾರು ವರ್ಷ. ಅದನ್ನು ನೋಡಿ ನನಗೆ ಅಳು ಬರುವುದೊಂದು ಬಾಕಿ. ಇಷ್ಟು ಸತ್ಯ ಹೇಳಿದವನಿಗೆ ಯಾವ ದೇಶ ಕೆಲಸ ಕೊಡುತ್ತದೆ?

ನನ್ನ ಬಗ್ಗೆ ವಿಚಾರಿಸಲು ಇಬ್ಬರ ಫೋನ್ ನಂಬರ್ ಕೊಡಬೇಕಿತ್ತು. ಒಬ್ಬರು ನನ್ನ ಪೆಟ್ಟಿಗೆಗಳಿದ್ದ ತೋಟದ ಹೆಗಡೆಯವರು. ಅವರಿಗೆ ಅಕ್ಕೋರು ಮೊದಲೇ ಪಾಠ ಹೇಳಿದ್ದರು. "ಹುಡುಗ ಹೆಂಗೆ ಹೇಳಿ ಕೇಳ್ತ. ಅಡ್ಡಿಲ್ಲೆ ಹೇಳಿ ಕೂತ್ರೆ ಅವನ ಕಥೆ ಮುಗತ್ತು. ಅವರಿಗೆ ನಮ್ಮ ಅಡ್ಡಿಲ್ಲೆ ತಿಳಿತಿಲ್ಲೆ."

"ಹಂಗಾರೆ ಎಂತ ಹೇಳವು?"

"ಅವ ಒಳ್ಳೆ ಕೆಲಸಗಾರ ಹೇಳಿ ಬಾಯ್ಬಿಟ್ಟು ಹೇಳವು. ಹೇಳಿರೆ ನಾಲಿಗೆ ಸವೆತಿಲ್ಲೆ."

ಹೆಗಡೆಯವರು ಪಾಪ, ಎರಡು ದಿನ ಬಾಯಿಪಾಠ ಮಾಡಿ, ಫೋನ್ ಬಂದಾಗ ಒಪ್ಪಿಸಿದರು. ಇನ್ನೊಂದು ನಂಬರ್ ಅಕ್ಕೋರದ್ದೇ.

ಫೋನ್ ಬಂದ ಮಧ್ಯಾಹ್ನ ನಾನು ಅಲ್ಲೇ ಬೆಂಚಿನ ಮೇಲಿದ್ದೆ. ಸ್ಪೀಕರಿನಲ್ಲಿ ಒಬ್ಬ ಹೆಂಗಸಿನ ದನಿ, ಫಾರಮ್ಮಿನ ಒಡತಿಯಂತೆ. ಮಾತೆಲ್ಲ ಇಂಗ್ಲಿಷಿನಲ್ಲಿ. ಒಂದಿಷ್ಟು ಉಭಯ ಕುಶಲೋಪರಿ ಆದ ಮೇಲೆ ಆಕೆ ನೇರವಾಗಿ ಕೇಳಿದಳು, ಇವನು ಒಳ್ಳೆಯ ಕೆಲಸಗಾರನೇ?

ಅಕ್ಕೋರು ತಟ್ಟನೆ, "ನಾಟ್ ಬ್ಯಾಡ್" ಅಂದರು.

ಊರಿಗೆಲ್ಲ ಬುದ್ಧಿ ಹೇಳಿದವರು, ನರ್ಸಮ್ಮನ ಬಾಯಿ ಬಿಡಿಸಿದವರು, ಹೆಗಡೆಯವರಿಗೆ ಬಾಯಿಪಾಠ ಮಾಡಿಸಿದವರು. ತಮ್ಮ ಸರದಿ ಬಂದಾಗ ಬಾಯಿಗೆ ಬಂದದ್ದು ಅದೇ ನಮ್ಮ ಊರಿನ ಅಡ್ಡಿಲ್ಲೆ! ಅವರೂ ನಾಲಿಗೆ ಕಚ್ಚಿಕೊಂಡರು. ಆಮೇಲೆ ಆಕೆ, ಇವನ ದೋಷವೇನು ಎಂದು ಕೇಳಿದಳು. ನಾನು ಬೇಡ, ಬೇಡ ಎಂದು ಕೈಯಾಡಿಸಿದೆ. ಅಕ್ಕೋರು ನನ್ನ ಮುಖವನ್ನೇ ನೋಡುತ್ತ ಹೇಳಿದರು: ಬಹಳ ಸಿಟ್ಟಿನವನು. ಒಂದು ಸುಳ್ಳು ಬರೆಯಿರಿ ಅಂದ, ನಾನು ಬರೆಯಲಿಲ್ಲ. ಬೈದು ಎದ್ದುಹೋದ. ಎಂಟು ದಿನ ಬಿಟ್ಟು ತಾನಾಗಿ ವಾಪಸ್ ಬಂದ. ಕ್ಷಮಿಸಿ ಅನ್ನಲಿಲ್ಲ, ಆದರೆ ಬಂದ. ಆಮೇಲೆ ಪೆಟ್ಟಿಗೆಗೆ ಕಿವಿ ಇಡುವ ಸಂಗತಿಯನ್ನೂ ಹೇಳಿದರು. ಆದರೆ ನನಗೆ ಕಿವಿ ಮುಚ್ಚಿಹೋಗಿತ್ತು.

ಫೋನ್ ಇಟ್ಟ ಕೂಡಲೇ, "ಹಾಳು ಮಾಡಿದ್ರಿ ಅಕ್ಕೋರೆ, ಕೈಗೆ ಬಂದ ತುತ್ತನ್ನ ನೀವೇ ತಟ್ಟಿ ಕೆಡವಿದ್ರಿ," ಅಂದೆ. ಅವರ ಮುಖ ಸಣ್ಣದಾಯಿತು. "ಅದು ಕೇಳಿತು, ಆನು ಹೇಳಿದಿ," ಅಂದರು. ಅವತ್ತು ಚಾ ಕುಡಿಯದೆ ಬಂದೆ. ಊರಿಗೆ ಬಂದು ಉಳಿದ ಪೆಟ್ಟಿಗೆಗಳನ್ನು ಯಾರಿಗೆ ಕೊಡುವುದೆಂದು ಯೋಚಿಸತೊಡಗಿದೆ.

ಒಂಬತ್ತು ದಿನಕ್ಕೆ ಪತ್ರ ಬಂತು. ಕೆಲಸ ಸಿಕ್ಕಿತ್ತು.

ಯಾಕೆ ಸಿಕ್ಕಿತು ಎಂದು ಅಲ್ಲಿಗೆ ಹೋದ ಮೊದಲ ವಾರ ಒಡತಿಯೇ ಹೇಳಿದಳು. ಅರ್ಜಿ ಹಾಕಿದವರು ತುಂಬ ಜನ. ವಿಚಾರಿಸಿದರೆ ಎಲ್ಲರೂ ಅದ್ಭುತ, ಎಲ್ಲರೂ ಪ್ರಾಮಾಣಿಕ, ಯಾರಲ್ಲೂ ಒಂದು ದೋಷವಿಲ್ಲ. ಇಲ್ಲಿ ಕೆಲಸ ಕಷ್ಟ, ಪ್ರತಿ ವರ್ಷ ಒಬ್ಬಿಬ್ಬರು ನನ್ನ ಮೇಲೆ ಸಿಟ್ಟು ಮಾಡಿಕೊಂಡು ಹೋಗುತ್ತಾರೆ, ಹೋದವರು ಬರುವುದಿಲ್ಲ. ನೀನೊಬ್ಬ ಬರುವವನು ಎಂದು ಆ ಮುದುಕಿ ಹೇಳಿದಳು, ಅದಕ್ಕೇ ಕರೆಸಿದೆ, ಅಂದಳು.

ಇದನ್ನು ಫೋನಿನಲ್ಲಿ ಅಕ್ಕೋರಿಗೆ ಹೇಳಿದೆ. ಗೆದ್ದ ಸಂತೋಷ ಪಡುತ್ತಾರೆ ಎಂದುಕೊಂಡರೆ, "ಆ ಹೆಂಗಸು ತಾನೂ ಪೆಟ್ಟಿಗೆ ತೆಗೀತಾ? ಎಷ್ಟು ವರ್ಷ ಆಗಿಕ್ಕು ಅದಕ್ಕೆ?" ಎಂದು ಕೇಳಿದರು. ಆಮೇಲೆ 'ಕ್ಷಮಿಸಿ' ಎಂದು ನಾನೇ ಬಾಯ್ಬಿಟ್ಟು ಹೇಳಿದೆ. "ಅದು ಇರ್ಲಿ, ಅಲ್ಲಿ ಬೆಳಿಗ್ಗೆ ಎಂತ ತಿಂಡಿ?" ಅಂದರು. ಅಲ್ಲಿಂದ ಪ್ರತಿ ಭಾನುವಾರ ಫೋನು. ಹಿಮ ಬಿದ್ದಾಗ ನೊಣಗಳು ಏನು ಮಾಡುತ್ತವೆ? ಅಲ್ಲಿನವರು ಮಜ್ಜಿಗೆ ಕುಡಿಯುತ್ತಾರಾ? ಕುರಿಗಳಿಗೆ ಹೆಸರಿಡುತ್ತಾರಾ? ಅವರಿಗೆ ಹೇಳಲಿಕ್ಕಾಗಿಯೇ ನಾನು ವಾರವೆಲ್ಲ ಕಣ್ಣು ಬಿಟ್ಟುಕೊಂಡು ಓಡಾಡುವಂತಾಯಿತು. ಮೂರು ವರ್ಷ ಹೀಗೆ ನಡೆಯಿತು. ಸಂಬಳ ಎಷ್ಟೆಂದು ಒಮ್ಮೆಯೂ ಕೇಳಿದವರಲ್ಲ.

ಹೋದ ವರ್ಷ ಜನವರಿಯಲ್ಲಿ ಫೋನು ಎತ್ತಿದ್ದು ಅವರ ತಂಗಿ. "ಅಕ್ಕಂಗೆ ಆರಾಮಿಲ್ಲೆ. ಹಾಸಿಗೆ ಹಿಡದು ತಿಂಗಳಾತು. ನಿನ್ನ ಹೆಸರು ಹೇಳ್ತಾ ಇರ್ತು. ಒಂದ್ಸಲ ಬತ್ಯ?" ಅಂದರು. ಅಲ್ಲಿ ಅದು ಜೇನು ಸುರಿಯುವ ಕಾಲ. ಒಡತಿಗೆ ಹೇಳಿದೆ. ಹದಿನೈದು ದಿನ ಹೋಗಿ ಬಾ, ಇಂದೇ ಹೋಗು, ಅಂದಳು. ನಾನೇ ಹೋಗಲಿಲ್ಲ. ಆ ವರ್ಷ ಮೊದಲ ಸಲ ನಾಲ್ಕು ಜನರ ಮೇಲೆ ನನ್ನನ್ನು ಮುಖ್ಯಸ್ಥ ಮಾಡಿದ್ದಳು. ನನ್ನ ಕೈಕೆಳಗೆ ಎಷ್ಟು ಜೇನು ಬಂತೆಂದು ತೋರಿಸಬೇಕಿತ್ತು. ಮಾರ್ಚಿನಲ್ಲಿ ಬರುತ್ತೇನೆ ಎಂದು ಅಕ್ಕೋರಿಗೆ ಹೇಳಿದೆ. "ಆತು ಆತು, ಜೇನು ಬಿಟ್ಟಿಕ್ಕೆ ಬಪ್ಪದು ಬೇಡ," ಅಂದರು. ದನಿ ಬಹಳ ಸಣ್ಣದಾಗಿತ್ತು, ಅವತ್ತು ಒಂದೂ ಪ್ರಶ್ನೆ ಕೇಳಲಿಲ್ಲ. ಆಗಲೇ ನನಗೆ ತಿಳಿಯಬೇಕಿತ್ತು. ತಿಳಿದಿತ್ತೋ ಏನೋ, ತಿಳಿಯದವನಂತೆ ಇದ್ದೆ. ಫೆಬ್ರವರಿಯಲ್ಲಿ ಹೋಗಿಬಿಟ್ಟರು.

ಇವನು ಬರುವವನು ಎಂದು ಗುರುತಿಲ್ಲದ ದೇಶದ ಗುರುತಿಲ್ಲದ ಹೆಂಗಸಿಗೆ ಅವರು ಹೊಣೆ ನಿಂತಿದ್ದರು. ಅದರಿಂದಲೇ ನಾನು ಜೇನಿನವನಾಗಿ ಉಳಿದೆ. ಅವರಿಗೇ ಬೇಕಾದಾಗ ನಾನು ಬರಲಿಲ್ಲ.

ಮಾರ್ಚಿನಲ್ಲಿ ಒಂದು ಡಬ್ಬಿ ಜೇನು ಹಿಡಿದುಕೊಂಡು ಶಿರಸಿಯ ಅವರ ಮನೆಯ ಬಾಗಿಲು ತಟ್ಟಿದೆ. ತಂಗಿ ಬಾಗಿಲು ತೆಗೆದರು. ಬೈಯಲಿಲ್ಲ, ಅಳಲಿಲ್ಲ. ಒಳಗೆ ಕರೆದು ಕೂರಿಸಿ, ಎದುರಿಗೆ ಕೂತು, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದರು:

"ಈಗ ಎಂತಕ್ಕೆ ಬಂದೆ ತಮಾ?"

ನಾನು ಜೇನಿನ ಡಬ್ಬಿಯನ್ನು ಅವರ ಮುಂದೆ ಇಟ್ಟೆ. ಅಕ್ಕೋರಾಗಿದ್ದರೆ ಉತ್ತರ ಹೊರಡುವವರೆಗೂ ಬಿಡುತ್ತಿರಲಿಲ್ಲ. ತಂಗಿ ಕುಡಿಯಲು ನೀರು ತರುತ್ತೇನೆಂದು ಎದ್ದು ಒಳಗೆ ಹೋದರು.